ಕೋರಿಲೇಷನ್ ಸೊನ್ನೆ ಬಂದಿದೆ, ಚುಕ್ಕೆಗಳಲ್ಲಿ ಮಾತ್ರ ಆಕಾರ ಕಾಣುತ್ತಿದೆ. ಯಾವುದನ್ನು ನಂಬಲಿ?

ನೀವು ನಿದ್ದೆಯ ಗಂಟೆಗಳನ್ನು ಅಡ್ಡ ಅಕ್ಷದಲ್ಲಿ, ಮರುದಿನದ ಟೆಸ್ಟ್ ಅಂಕಗಳನ್ನು ಲಂಬ ಅಕ್ಷದಲ್ಲಿ ಇಟ್ಟು ಸ್ಕ್ಯಾಟರ್ ಪ್ಲಾಟ್ ಮಾಡಿದ್ದೀರಿ. ಚುಕ್ಕೆಗಳು ಗುಡ್ಡದ ಹಾಗೆ ಏರಿ ಇಳಿದಿವೆ, ಆದರೆ ಕೋರಿಲೇಷನ್, ಅಂದರೆ ಎರಡರ ನಡುವಿನ ಸಂಬಂಧವನ್ನು -1ರಿಂದ 1ರವರೆಗೆ ಅಳೆಯುವ ಸಂಖ್ಯೆ 'ಆರ್', ಸೊನ್ನೆಯ ಹತ್ತಿರ ಬಂದಿದೆ. ಎಲ್ಲಿ ತಪ್ಪಾಯಿತು ಅಂತ ನಿಮ್ಮ ಪ್ರಶ್ನೆ.

ಎಲ್ಲೂ ತಪ್ಪಾಗಿಲ್ಲ. ಆರ್‌ಗೆ ಗೊತ್ತಿರುವುದು ಒಂದೇ ಲೆಕ್ಕ: ಚುಕ್ಕೆಗಳು ಒಂದು ನೇರ ಗೆರೆಗೆ ಎಷ್ಟು ಅಂಟಿಕೊಂಡಿವೆ? ಗುಡ್ಡ ನೇರ ಗೆರೆ ಅಲ್ವಲ್ಲ.

ಪೇಪರ್ ಮೇಲೆ ಮಾಡಿ ನೋಡಿ. ಎಕ್ಸ್‌ಗೆ -3ರಿಂದ 3ರವರೆಗೆ ಏಳು ಸಂಖ್ಯೆ ಇಡಿ. ವೈಗೆ ಅವುಗಳ ವರ್ಗ: 9, 4, 1, 0, 1, 4, 9. ಎಕ್ಸ್ ಗೊತ್ತಾದರೆ ವೈ ಕಣ್ಣುಮುಚ್ಚಿ ಹೇಳಬಹುದು, ಇದಕ್ಕಿಂತ ಗಟ್ಟಿ ಸಂಬಂಧ ಇಲ್ಲ. ಆದರೂ ಆರ್ ಸರಿಯಾಗಿ 0. ಎಡಗಡೆಯ ಇಳಿತವೂ ಬಲಗಡೆಯ ಏರಿಕೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಗುಡ್ಡದಲ್ಲೂ ಆಗಿರುವುದು ಇದೇ, ತಲೆಕೆಳಗಾಗಿ.

ಇನ್ನೊಂದು ಮಾತು, ಯಾಕೆಂದರೆ ನಾನೇ ಬಹಳ ದಿನ ಇಲ್ಲಿ ಎಡವಿದ್ದೆ. ಗೆರೆ ಕಡಿದಾಗಿದ್ದರೆ ಆರ್ ಜಾಸ್ತಿ ಅಂದುಕೊಂಡಿದ್ದೆ. ಹಾಗಲ್ಲ. ಚುಕ್ಕೆಗಳೆಲ್ಲ ಗೆರೆಯ ಮೇಲೇ ಕೂತಿದ್ದರೆ, ಏರು ಎಷ್ಟೇ ನಿಧಾನವಾಗಿರಲಿ, ಆರ್ 1.

ಬರೀ ಸಂಖ್ಯೆ ನೋಡಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ನಾಲ್ಕು ಪಟ್ಟಿ ಕೊಟ್ಟರು. ಪ್ರತಿಯೊಂದರಲ್ಲೂ 11 ಚುಕ್ಕೆ. ಎಕ್ಸ್‌ನ ಸರಾಸರಿ 9, ವೈಯ ಸರಾಸರಿ 7.5, ಆರ್ ಸುಮಾರು 0.82, ನಾಲ್ಕರಲ್ಲೂ ಅದೇ. ಚಿತ್ರ ಬರೆದರೆ ಮಾತ್ರ ಬಣ್ಣ ಬಯಲು. ಒಂದು ಮಾಮೂಲಿ ಚದುರಿದ ಚುಕ್ಕೆಗಳು, ಒಂದು ಬಿಲ್ಲಿನ ಹಾಗೆ ಬಾಗಿದೆ, ಮೂರನೆಯದು ನೇರ ಗೆರೆ, ಒಂದು ಚುಕ್ಕೆ ಮಾತ್ರ ದಾರಿ ತಪ್ಪಿದೆ. ನಾಲ್ಕನೆಯದು ನನಗೆ ಅಚ್ಚುಮೆಚ್ಚು: ಹತ್ತು ಚುಕ್ಕೆ ಕಂಬದ ಹಾಗೆ ಒಂದರ ಮೇಲೊಂದು, ಒಂದು ಮಾತ್ರ ದೂರದಲ್ಲಿ. ಆ ಒಂಟಿ ಚುಕ್ಕೆ ತೆಗೆದರೆ ಆರ್ ಲೆಕ್ಕ ಹಾಕುವುದಕ್ಕೇ ಬರುವುದಿಲ್ಲ!

ಈಗ ನಿಮ್ಮ ಡೇಟಾ. ಕೆಲವರು ಸ್ಪಿಯರ್‌ಮನ್ ರ‍್ಯಾಂಕ್ ಕೋರಿಲೇಷನ್ (ಬೆಲೆಗಳ ಬದಲು ಅವುಗಳ ಕ್ರಮಾಂಕಗಳನ್ನು ಹೋಲಿಸುವುದು) ಹಾಕಿ ಅನ್ನಬಹುದು. ಗೆರೆ ಬಾಗಿದ್ದರೂ ಏರುತ್ತಲೇ ಹೋಗುವಂತಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಏರಿ ಇಳಿಯುವ ಗುಡ್ಡಕ್ಕೆ ಅದೂ ಸೋಲುತ್ತದೆ. ಅದರ ಬದಲು ಎಕ್ಸ್ ಜೊತೆ ಎಕ್ಸ್‌ನ ವರ್ಗವನ್ನೂ ಸೇರಿಸಿ ಒಂದು ಬಾಗಿದ ಗೆರೆ ಹೊಂದಿಸಿ. ಗುಡ್ಡವನ್ನು ನೆತ್ತಿಯಲ್ಲಿ ಸೀಳಿ ಎರಡು ಆರ್ ತೆಗೆಯುವ ಆಸೆ ಬರಬಹುದು. ಬೇಡ. ಚಿತ್ರ ನೋಡಿದ ಮೇಲೆ ಬೇಕಾದ ಕಡೆ ಕತ್ತರಿಸಿದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ.

ಗುಡ್ಡ ನಿಜವೇ ಆದರೂ ನಿದ್ದೆಯಿಂದಲೇ ಅಂಕ ಬದಲಾಯಿತು ಎನ್ನಬೇಡಿ. ಹುಷಾರಿಲ್ಲದವರು ಜಾಸ್ತಿ ಮಲಗುತ್ತಾರೆ, ಅಂಕವೂ ಕಡಿಮೆ ತೆಗೆಯಬಹುದು.

ಅದಕ್ಕೂ ಮೊದಲು ಗುಡ್ಡದ ಬಲ ಇಳಿಜಾರಿನಲ್ಲಿ ಎಷ್ಟು ಚುಕ್ಕೆಗಳಿವೆ ಎಣಿಸಿ. ಎರಡೋ ಮೂರೋ ಇದ್ದರೆ ಅವನ್ನು ಮುಚ್ಚಿ ಮತ್ತೆ ನೋಡಿ, ಗುಡ್ಡ ಇನ್ನೂ ಇದೆಯಾ?