ಜಿಡ್ಡಿನ ಊಟ ಆದ್ಮೇಲೆ ರಾತ್ರಿ ಬಂದ ಹೊಟ್ಟೆನೋವು

ಮದುವೆ ಊಟ ಮಾಡಿ ಮಲಗಿದ್ಮೇಲೆ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದಂಗೆ ನೋವು, ಬೆನ್ನಿಗೂ ಹೋಯ್ತು, ವಾಂತಿ ಆಯ್ತು, ಮೂರು ಗಂಟೆ ಆದ್ಮೇಲೆ ತಾನಾಗೇ ಹೋಯ್ತು, ಇದು ಗ್ಯಾಸ್ಟ್ರಿಕ್ಕಾ ಅಂತ ಕೇಳಿದೀರಲ್ಲ, ನಂಗೆ ಓದ್ತಿದ್ದಂಗೆ ನಮ್ಮಮ್ಮನೇ ನೆನಪಾದ್ರು. ಅವ್ರಿಗೂ ಹಿಂಗೇ ಬರ್ತಿತ್ತು, ನಾವು ಜೀರಿಗೆ ಕಷಾಯ, ಗ್ಯಾಸ್ ಮಾತ್ರೆ ಅಂತ ಆರು ತಿಂಗಳು ಕಳೆದ್ವಿ, ಕೊನೆಗೆ ಸ್ಕ್ಯಾನ್ ಮಾಡ್ಸಿದ್ರೆ ಪಿತ್ತಕೋಶದಲ್ಲಿ ಕಲ್ಲು. ಆ ಆರು ತಿಂಗಳು ಅವ್ರು ನರಳಿದ್ದು ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ.

ಜಿಡ್ಡಿನ ಊಟ ಮಾಡ್ದಾಗ ಪಿತ್ತಕೋಶ ಪಿತ್ತರಸ ಹೊರಗೆ ಹಾಕೋಕೆ ಹಿಂಡ್ಕೊಳತ್ತೆ, ಆಗ ಕಲ್ಲು ಪಿತ್ತಕೋಶದ ಬಾಯಿಗೆ ಅಡ್ಡ ಬಂದ್ರೆ ಈ ನೋವು, ಕಲ್ಲು ಸರಿದ್ರೆ ನಿಲ್ಲತ್ತೆ, ಅದಕ್ಕೇ ಬೆಳಿಗ್ಗೆ ಏನೂ ಆಗೇ ಇಲ್ಲ ಅನ್ಸೋದು. ನಿಮ್ಗೂ ಅದೇ ಅಂತ ನಾನು ಹೇಳಕ್ಕಾಗಲ್ಲ, ಆದ್ರೆ ಹೊಟ್ಟೆ ಅಲ್ಟ್ರಾಸೌಂಡ್ ಮಾಡಿಸ್ಲೇಬೇಕು, 6ರಿಂದ 8 ಗಂಟೆ ಖಾಲಿ ಹೊಟ್ಟೇಲಿ ಹೋಗಿ, ಊಟ ಮಾಡಿದ್ರೆ ಪಿತ್ತಕೋಶ ಕುಗ್ಗಿ ಕಲ್ಲು ಸರಿಯಾಗಿ ಕಾಣಲ್ಲ. ವಯಸ್ಸು ನಲವತ್ತು ದಾಟಿದ್ರೆ ಅಥವಾ ಶುಗರ್ ಇದ್ರೆ ಇಸಿಜಿನೂ ಮಾಡ್ಸಿ, ಹಾರ್ಟ್ ನೋವೂ ಕೆಲವೊಮ್ಮೆ ಹೊಟ್ಟೆ ಮೇಲ್ಭಾಗದಲ್ಲೇ ಕಾಣಿಸ್ಕೊಳತ್ತೆ.

ನೋವು ಹೊಕ್ಕುಳ ಹತ್ರ ಶುರುವಾಗಿ ಬಲಗಡೆ ಕೆಳಗೆ ಇಳಿದ್ರೆ ಅಪೆಂಡಿಕ್ಸ್ ಇರ್ಬೋದು, ಸೊಂಟದಿಂದ ತೊಡೆ ಸಂದಿಗೆ ಇಳಿದ್ರೆ ಕಿಡ್ನಿ ಕಲ್ಲು. ಮತ್ತೆ ನೋವು ಬಂದು ಬಿಡದೇ ಇದ್ರೆ, ಚಳಿಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ಹೊಟ್ಟೆ ಕಲ್ಲಿನಂಗೆ ಗಟ್ಟಿಯಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಎಮರ್ಜೆನ್ಸಿಗೆ ಹೋಗಿ, ಹರಳೆಣ್ಣೆ ಕುಡಿಸೋದು ಹೊಟ್ಟೆ ಉಜ್ಜೋದು ದಯವಿಟ್ಟು ಬೇಡ. ಸ್ಕ್ಯಾನ್ ಆದ್ಮೇಲೆ ಏನು ಬಂತು ಅಂತ ಇಲ್ಲೇ ಹಾಕಿ, ನೋಡ್ತಿರ್ತೀನಿ.