ಪ್ರತಿಕ್ರಿಯೆ: ಸೋವಿಯತ್ ಕಾನೂನಿನ ಎರಡು ಮುಖಗಳ ಬಗ್ಗೆ

ಮಾನ್ಯರೇ, ರಷ್ಯಾದ ಕ್ರಾಂತಿ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ತೆಗೆದಿತ್ತೆಂದು ಸಾಗರದ ಗೋಷ್ಠಿಯೊಂದರಲ್ಲಿ ಕೇಳಿದ್ದಾಗಿಯೂ, ಹಾಗಿದ್ದರೆ ಅದೇ ಸೋವಿಯತ್ ದೇಶದಲ್ಲಿ ಜನ ಅದಕ್ಕಾಗಿ ಜೈಲು ಸೇರಿದ್ದು ಹೇಗೆಂದೂ ಕೇಳಿದ್ದೀರಿ. ಎರಡೂ ನಿಜ.

ಕ್ರಾಂತಿಯಲ್ಲಿ ಅಧಿಕಾರ ಹಿಡಿದ ಬೊಲ್ಶೆವಿಕರು 1917ರ ಡಿಸೆಂಬರಿನಲ್ಲೇ ಮದುವೆಯನ್ನು ಚರ್ಚಿನ ಹಿಡಿತದಿಂದ ಬಿಡಿಸಿ ನೋಂದಣಿ ಕಚೇರಿಗೆ ಒಪ್ಪಿಸಿದರು, ವಿಚ್ಛೇದನವನ್ನು ಸುಲಭಗೊಳಿಸಿದರು. 1920ರಲ್ಲಿ ಗರ್ಭಪಾತಕ್ಕೆ ಕಾನೂನಿನ ಸಮ್ಮತಿ ದೊರೆಯಿತು. 1922ರ ದಂಡಸಂಹಿತೆಯನ್ನು ಹೊಸದಾಗಿ ಬರೆದಾಗ ತ್ಸಾರ್ ಕಾಲದ ಸಲಿಂಗಕಾಮ ವಿರೋಧಿ ಕಲಮನ್ನು ಅದರಲ್ಲಿ ಸೇರಿಸಲಿಲ್ಲ. ಇದನ್ನು ಹಕ್ಕಿನ ಘೋಷಣೆಯೆಂದು ತಿಳಿಯುವುದು ಅತಿಯಾದೀತು, ಏಕೆಂದರೆ ಆಗಿನ ಹಲವು ವೈದ್ಯರು ಅದನ್ನು ಕಾಯಿಲೆಯೆಂದೇ ಬಗೆದಿದ್ದರು. ಸ್ಟಾಲಿನ್ ಆಡಳಿತವು ಕುಟುಂಬವನ್ನೂ ಜನನ ಪ್ರಮಾಣವನ್ನೂ ರಾಜ್ಯದ ಅಗತ್ಯಗಳೆಂದು ಕಾಣತೊಡಗಿದಾಗ ಗಾಳಿ ತಿರುಗಿತು: 1934ರಲ್ಲಿ ಪುರುಷರ ನಡುವಿನ ಸಂಬಂಧಕ್ಕೆ 5 ವರ್ಷದವರೆಗಿನ ಸೆರೆವಾಸ ವಿಧಿಸುವ ಕಾನೂನು ಬಂತು, 1936ರಲ್ಲಿ ಗರ್ಭಪಾತ ನಿಷೇಧವಾಯಿತು. ಮೊದಲನೆಯದು ರಷ್ಯಾದಲ್ಲಿ ರದ್ದಾದದ್ದು 1993ರಲ್ಲಿ.

ಕಾಗೋಡು ಸತ್ಯಾಗ್ರಹದ ನೆಲದವರಾದ ನಾವು ಕ್ರಾಂತಿಯೆಂದರೆ ಮೊದಲು ಉಳುವವನ ಭೂಮಿಯನ್ನೇ ನೆನೆಯುತ್ತೇವೆ. ಮಲಗುವ ಕೋಣೆಯ ಕಾನೂನು ನಮ್ಮ ಚರ್ಚೆಗೆ ಬರುವುದೇ ಅಪರೂಪ, ಆದ್ದರಿಂದ ನಿಮ್ಮ ಪ್ರಶ್ನೆ ಇಷ್ಟವಾಯಿತು.

ಕ್ಯೂಬಾದ ದಾರಿ ಬೇರೆ. ಅಲ್ಲಿನ ಕ್ರಾಂತಿ ಸರ್ಕಾರವು 1965ರಿಂದ ಕೆಲವು ವರ್ಷ ಸಲಿಂಗಕಾಮಿ ಪುರುಷರನ್ನು ದುಡಿಮೆಯ ಶಿಬಿರಗಳಿಗೆ ಅಟ್ಟಿತ್ತು. ಆ ಅನ್ಯಾಯದ ಹೊಣೆಯನ್ನು ಅಲ್ಲಿನ ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೊ 2010ರಲ್ಲಿ ಸಂದರ್ಶನವೊಂದರಲ್ಲಿ ತಾವೇ ಹೊತ್ತುಕೊಂಡರು. 2022ರ ಜನಮತಗಣನೆಯಲ್ಲಿ ಅಲ್ಲಿನ ಮತದಾರರು ಸಲಿಂಗ ವಿವಾಹಕ್ಕೆ ಅವಕಾಶ ನೀಡುವ ಕುಟುಂಬ ಸಂಹಿತೆಯನ್ನು ಅಂಗೀಕರಿಸಿದರು.