ಔಷಧದ ಆಯ್ಕೆಗೆ ವಂಶವಾಹಿ ಪರೀಕ್ಷೆ: ಫಿಟ್ಸ್ ಇರುವ ಮಗುವಿನ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ದಂಪತಿ ಮೂರು ವರ್ಷದ ಮಗನನ್ನು ಕರೆದುಕೊಂಡು ನನ್ನ ಬಳಿ ಸಲಹೆಗೆ ಬಂದರು. ಮಗುವಿಗೆ ಬರುತ್ತಿದ್ದ ಫಿಟ್ಸ್‌ಗೆ ಯಾವ ಔಷಧ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ತಿಳಿಯಲು ವಂಶವಾಹಿ ಪರೀಕ್ಷೆ ಮಾಡಿಸಬೇಕೆಂದು ಮಕ್ಕಳ ನರರೋಗ ತಜ್ಞರು ಬರೆದುಕೊಟ್ಟಿದ್ದರು. ರಕ್ತ ಕೊಡುವ ದಿನವೂ ಗೊತ್ತಾಗಿತ್ತು. ಆದರೆ ಚೀಟಿ ಮನೆ ಸೇರುವಷ್ಟರಲ್ಲಿ ಪರೀಕ್ಷೆಯ ಉದ್ದೇಶವೇ ಬೇರೆಯಾಗಿಬಿಟ್ಟಿತ್ತು. ಮಗುವಿನ ತಾಯಿ ತಂದೆಯ ಸ್ವಂತ ಅಕ್ಕನ ಮಗಳು. ಈ ಸಂಬಂಧವನ್ನು ಮುಂದೆ ನಿಂತು ಮಾಡಿಸಿದ್ದ ಅಜ್ಜಿ ಕುಳಿತ ಕೂಡಲೇ ಕೇಳಿದರು: "ಅಕ್ಕನ ಮಗಳ್ನ ತಂದ್ಕೊಂಡಿದ್ಕೇ ಹಿಂಗಾಯ್ತು ಅಂತ ಟೆಸ್ಟಲ್ಲಿ ಬಂದ್ಬುಟ್ರೆ ಏನ್ ಮಾಡದು ಕಣವ್ವ?" ತಂದೆ ಪರೀಕ್ಷೆಯನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಇಂಥ ಭಯದಿಂದ ರಕ್ತ ಕೊಡುವ ದಿನ ತಪ್ಪಿಸುವ ಮನೆಗಳು ಕಡಿಮೆಯೇನಲ್ಲ.

ಮಗುವಿಗೆ ಆರನೇ ತಿಂಗಳಲ್ಲಿ ಜ್ವರದ ಜೊತೆ ಮೊದಲ ಫಿಟ್ಸ್ ಬಂದಿತ್ತು. ದೇಹದ ಒಂದೇ ಪಕ್ಕ ಅರ್ಧ ಗಂಟೆಯವರೆಗೆ ಅದುರಿತ್ತು. ಒಂಬತ್ತನೇ ತಿಂಗಳ ಲಸಿಕೆಯ ನಂತರ ಜ್ವರ ಬಂದಾಗ ಮತ್ತೆ ಬಂತು, ಈ ಬಾರಿ ಇನ್ನೊಂದು ಪಕ್ಕಕ್ಕೆ. ಆಮೇಲೆ ತಲೆಗೆ ಬಿಸಿನೀರು ಹಾಕಿದಾಗಲೂ ಬರತೊಡಗಿತು. ಮೈಸೂರು, ಮಂಡ್ಯ ಸೀಮೆಯಲ್ಲಿ ಬಿಸಿನೀರಿನ ಫಿಟ್ಸ್ ಹೊಸದಲ್ಲ. ನಿಮ್ಹಾನ್ಸ್‌ನ ವೈದ್ಯರು ದಶಕಗಳ ಹಿಂದೆಯೇ ಅದನ್ನು ವಿವರವಾಗಿ ದಾಖಲಿಸಿದ್ದಾರೆ. ಅದು ಬಹುಪಾಲು ಸೌಮ್ಯವಾದ ತೊಂದರೆಯಾದ್ದರಿಂದ ಊರವರೂ ಮನೆಯವರೂ ಇದನ್ನು ಅದೇ ಎಂದು ತಿಳಿದರು. ಎರಡು ವರ್ಷ ತುಂಬುವ ಹೊತ್ತಿಗೆ ಕಾರ್ಬಮಜೆಪೀನ್ ಎಂಬ ಫಿಟ್ಸ್ ಮಾತ್ರೆ ಶುರುವಾಗಿತ್ತು.

ತಂದೆ ತಂದಿದ್ದ ಫೈಲಿನಲ್ಲಿ ಇಇಜಿ, ಎಂಆರ್‌ಐ ವರದಿಗಳಿದ್ದವು, ಔಷಧದ ಚೀಟಿಗಳಿದ್ದವು; ಫಿಟ್ಸ್ ಬಂದ ದಿನಗಳ ಲೆಕ್ಕ ಮಾತ್ರ ಇರಲಿಲ್ಲ. ಆ ಲೆಕ್ಕ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿತ್ತು. ಡೈರಿಗೆ ಹಾಕಿದ ಹಾಲಿನ ಲೀಟರುಗಳನ್ನು ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದ ತಾಯಿ, ಫಿಟ್ಸ್ ಬಂದ ದಿನಕ್ಕೆ ಕೆಂಪು ಸೊನ್ನೆ ಸುತ್ತಿ ಪಕ್ಕದಲ್ಲಿ 'ಎಡ', 'ಬಲ', 'ಜ್ವರ', 'ಸ್ನಾನ' ಎಂದು ಗುರುತು ಹಾಕಿದ್ದರು. ಆ ಹಾಳೆಗಳ ಫೋಟೋಗಳನ್ನು ಫೋನಿನಲ್ಲಿ ಒಂದೊಂದಾಗಿ ನೋಡುತ್ತ ಬಂದಾಗ, ಕಾರ್ಬಮಜೆಪೀನ್ ಪ್ರಮಾಣ ಹೆಚ್ಚಿಸಿದ ತಿಂಗಳುಗಳಲ್ಲೇ ಕೆಂಪು ಸೊನ್ನೆಗಳು ಒತ್ತಾಗಿರುವುದು ಕಣ್ಣಿಗೆ ಬಿತ್ತು. ಇಷ್ಟು ಮುಖ್ಯವಾದ ದಾಖಲೆಯನ್ನು ಆಸ್ಪತ್ರೆಗೆ ಏಕೆ ತಂದಿರಲಿಲ್ಲವೆಂದರೆ, ಅದು ಹಾಲಿನ ಲೆಕ್ಕದ ಹಾಳೆ ಎಂಬ ಸಂಕೋಚ. ಯಾವ ಔಷಧ, ಯಾವ ದಿನ ಶುರು, ಪ್ರಮಾಣ ಯಾವಾಗ ಏರಿತು, ಆ ಬಳಿಕ ಫಿಟ್ಸ್ ಹೆಚ್ಚಿತೇ ಕಡಿಮೆಯಾಯಿತೇ ಎಂಬುದನ್ನು ಒಂದೇ ಹಾಳೆಗೆ ಇಳಿಸಿ, ಮೂಲ ಕ್ಯಾಲೆಂಡರನ್ನೂ ಜೊತೆಗಿಟ್ಟುಕೊಂಡು ಹೋಗುವಂತೆ ಹೇಳಿದೆ. ವಂಶವಾಹಿಯಲ್ಲಿ ಕಂಡ ಬದಲಾವಣೆಗೆ ಅರ್ಥ ಕಟ್ಟುವಾಗ ತಜ್ಞರು ಮಗುವಿನ ಲಕ್ಷಣಗಳೊಂದಿಗೆ ತಾಳೆ ನೋಡುತ್ತಾರೆ. ಆದ್ದರಿಂದ ಪರೀಕ್ಷೆಗೆ ಮಾಡಿಕೊಳ್ಳಬೇಕಾದ ಸಿದ್ಧತೆಯಲ್ಲಿ ಇದಕ್ಕೇ ಹೆಚ್ಚು ತೂಕ.

ತಜ್ಞರ ಅನುಮಾನ ಡ್ರಾವೆ ಸಿಂಡ್ರೋಮ್ ಮೇಲಿತ್ತು. ಫ್ರಾನ್ಸಿನ ವೈದ್ಯೆ ಶಾರ್ಲಟ್ ಡ್ರಾವೆ 1978ರಲ್ಲಿ ವಿವರಿಸಿದ ಈ ಕಾಯಿಲೆಗೆ ಎಸ್‌ಸಿಎನ್‌1ಎ ಎಂಬ ವಂಶವಾಹಿಯೊಂದಿಗೆ ನಂಟಿರುವುದು 2001ರಲ್ಲಿ ತಿಳಿಯಿತು. ಮಿದುಳಿನಲ್ಲಿ ಉದ್ರೇಕವನ್ನು ಹತೋಟಿಯಲ್ಲಿಡುವ ನರಕೋಶಗಳು ಕೆಲಸ ಮಾಡಲು ಬೇಕಾದ ಸೋಡಿಯಂ ನಾಲೆಗಳನ್ನು (ಕೋಶದೊಳಗೆ ಸೋಡಿಯಂ ಹರಿಯುವ ದಾರಿಗಳನ್ನು) ರೂಪಿಸುವುದು ಈ ವಂಶವಾಹಿ. ಅದು ಕೆಟ್ಟಾಗ ಹತೋಟಿ ಸಡಿಲವಾಗಿ ಫಿಟ್ಸ್ ಬರುತ್ತದೆ. ಕಾರ್ಬಮಜೆಪೀನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್‌ನಂಥ ಔಷಧಗಳು ಅದೇ ಸೋಡಿಯಂ ನಾಲೆಗಳನ್ನು ತಡೆಯುವುದರಿಂದ, ಬೇರೆ ಮಕ್ಕಳಿಗೆ ಗುಣ ಕೊಡುವ ಮಾತ್ರೆಯೇ ಇಂಥ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿಸಬಹುದು. ಎಸ್‌ಸಿಎನ್‌8ಎ ಎಂಬ ಇನ್ನೊಂದು ವಂಶವಾಹಿಯ ಕೆಲವು ದೋಷಗಳಲ್ಲಿ ಇದು ತಿರುವುಮುರುವು. ಅಲ್ಲಿ ಈ ಔಷಧಗಳೇ ಆಸರೆ. ಪಿಒಎಲ್‌ಜಿ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಔಷಧ ಯಕೃತ್ತಿಗೆ ಅಪಾಯಕಾರಿ. ಇಷ್ಟನ್ನು ಕೇಳಿದ ತಂದೆ, "ಹಾಗಾದ್ರೆ ಇವತ್ತಿಂದಲೇ ಮಾತ್ರೆ ನಿಲ್ಲಿಸಿಬಿಡ್ತೀವಿ ಮೇಡಂ" ಎಂದರು. ಅದಕ್ಕೆ ಸ್ಪಷ್ಟವಾಗಿ ಬೇಡವೆಂದೆ: ಫಿಟ್ಸ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು. ರಕ್ತ ಕೊಡುವ ದಿನದವರೆಗೆ ಕಾಯದೆ ಕ್ಯಾಲೆಂಡರಿನ ಫೋಟೋಗಳನ್ನು ಅಂದೇ ತಜ್ಞರಿಗೆ ಕಳುಹಿಸಿ, ಬದಲಾವಣೆಯನ್ನು ಅವರಿಂದಲೇ ಹೇಳಿಸಿಕೊಳ್ಳಬೇಕೆಂದು ತಿಳಿಸಿದೆ.

ಅಜ್ಜಿಯ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲಾಗದು. ರಕ್ತಸಂಬಂಧದ ಮದುವೆಯಲ್ಲಿ, ತಂದೆತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ತಲೆದೋರುವ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಡ್ರಾವೆಗೆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮತ್ತು ಬಹುಪಾಲು ಮಕ್ಕಳಲ್ಲಿ ಆ ಬದಲಾವಣೆ ಹೆತ್ತವರಲ್ಲಿರದೆ ಹೊಸದಾಗಿ ಉಂಟಾಗಿರುತ್ತದೆ. ಎರಡನ್ನೂ ಹೇಳಿದ ಮೇಲೆ, ಅರ್ಜಿಯಲ್ಲಿ ಸಂಬಂಧವನ್ನು ಮುಚ್ಚಿಡದೆ 'ಅಕ್ಕನ ಮಗಳು' ಎಂದೇ ಬರೆಸಬೇಕೆಂದು ಒತ್ತಿ ಹೇಳಿದೆ. ಪ್ರಯೋಗಾಲಯದವರು ಫಲಿತಾಂಶ ಓದುವ ರೀತಿಯೇ ಅದರಿಂದ ಬದಲಾಗುತ್ತದೆ.

ಉಳಿದ ಸಲಹೆಗಳು ಸರಳವಾದವು. ಮಗು ಉಪವಾಸವಿರಬೇಕಿಲ್ಲ, ಬೆಳಗಿನ ಮಾತ್ರೆ ತಪ್ಪಿಸಬಾರದು, ತೆಗೆಯುವುದು ಕೆಲವೇ ಮಿಲಿಲೀಟರ್ ರಕ್ತ. ತಂದೆತಾಯಿಯ ರಕ್ತವೂ ಬೇಕೇ, ಅದಕ್ಕೆ ಪ್ರತ್ಯೇಕ ಹಣವೇ ಎಂದು ಮೊದಲೇ ಕೇಳಿಕೊಳ್ಳಬೇಕು. ವರದಿಗೆ ಕೆಲವು ವಾರ ಹಿಡಿಯುತ್ತದೆ. 'ಅರ್ಥ ಖಚಿತವಿಲ್ಲದ ಬದಲಾವಣೆ' ಎಂದು ಬಂದರೆ ಅದನ್ನು ಕಾಯಿಲೆಯೆಂದು ತಿಳಿಯಬಾರದು. ಏನೂ ಸಿಗಲಿಲ್ಲವೆಂದರೆ ಕಾಯಿಲೆ ಇಲ್ಲವೆಂದೂ ಅಲ್ಲ. ಒಂದು ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಉದಾಹರಣೆಗೆ, ಕಾರ್ಬಮಜೆಪೀನ್‌ನಿಂದ ಚರ್ಮ ಸುಲಿಯುವಂಥ ತೀವ್ರ ಪ್ರತಿಕ್ರಿಯೆಯ ಅಪಾಯವನ್ನು ತಿಳಿಸುವ ಎಚ್‌ಎಲ್‌ಎ-ಬಿ 15:02 ಪರೀಕ್ಷೆಯನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಮಾಡಿಸಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಮಾತ್ರೆ ನುಂಗಿ ಮೈಯೆಲ್ಲ ಗುಳ್ಳೆ ಎದ್ದಿದ್ದರೆ ಅದನ್ನೂ ಹೇಳಬೇಕು.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಜ್ವರಕ್ಕೆ ತಡಮಾಡದ ಉಪಚಾರ, ಫಿಟ್ಸ್ ಐದು ನಿಮಿಷ ದಾಟಿದರೆ ವೈದ್ಯರು ಬರೆದಿದ್ದ ಮಿಡಜೋಲಾಮ್ ಮೂಗಿನ ಸ್ಪ್ರೇ ಕೊಟ್ಟು ಆಸ್ಪತ್ರೆಗೆ ಹೊರಡುವುದು, ಇವನ್ನು ಅಜ್ಜಿಗೂ ಹೇಳಿಕೊಟ್ಟೆ. ಹಗಲಿನಲ್ಲಿ ಮಗು ಇರುವುದು ಅವರ ಬಳಿಯೇ. ಮನೆಯವರು ನಿಲ್ಲಿಸಿದ್ದ ಲಸಿಕೆಗಳನ್ನು ತಜ್ಞರ ಸೂಚನೆಯಂತೆ ಮುಂದುವರಿಸಲು ತಿಳಿಸಿದೆ. ಲಸಿಕೆಯ ಜ್ವರ ಮೊದಲ ಫಿಟ್ಸ್ ಅನ್ನು ಹೊರತರಬಹುದೇ ಹೊರತು ಕಾಯಿಲೆಯನ್ನು ಹುಟ್ಟಿಸುವುದಿಲ್ಲ.

ಕ್ಯಾಲೆಂಡರಿನ ಫೋಟೋ ನೋಡಿದ ತಜ್ಞರು ವರದಿಗೆ ಕಾಯದೆ ಕಾರ್ಬಮಜೆಪೀನ್ ಅನ್ನು ಹಂತಹಂತವಾಗಿ ಇಳಿಸಿ ವಾಲ್‌ಪ್ರೊಯೇಟ್, ಕ್ಲೋಬಜಾಮ್‌ಗೆ ಬದಲಿಸಿದರು. ಮುಂದೆ ಬಂದ ವರದಿಯಲ್ಲಿ ಎಸ್‌ಸಿಎನ್‌1ಎ ದೋಷ ಖಚಿತವಾಯಿತು. ತಂದೆತಾಯಿಯ ರಕ್ತದಲ್ಲಿ ಅದು ಇರಲಿಲ್ಲ. ಫಿಟ್ಸ್ ಕಡಿಮೆಯಾಗಿದೆ, ಜ್ವರ ಬಂದಾಗ ಈಗಲೂ ಬರುತ್ತದೆ. ಮುಂದಿನ ಮಗುವಿಗೆ ಬರುವ ಸಾಧ್ಯತೆ ಚಿಕ್ಕದಾದರೂ ಸೊನ್ನೆಯಲ್ಲ, ಹೆತ್ತವರ ಕೆಲವೇ ಜೀವಕೋಶಗಳಲ್ಲಿ ದೋಷ ಅಡಗಿರುವುದುಂಟು, ಗರ್ಭ ನಿಂತರೆ ಮೊದಲ ತಿಂಗಳುಗಳಲ್ಲೇ ಬನ್ನಿ ಎಂದು ದಂಪತಿಗೆ ತಿಳಿಸಿದ್ದೇನೆ. ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಹೋದರೂ ತೋರಿಸಲು, ಕಾಯಿಲೆಯ ಹೆಸರು, ಈಗಿನ ಔಷಧಗಳು ಮತ್ತು ಫೆನಿಟಾಯಿನ್ ವಿಷಯದಲ್ಲಿ ಎಚ್ಚರಿಕೆ ಬರೆದ ತಜ್ಞರ ಪತ್ರದ ಒಂದೊಂದು ಪ್ರತಿ ತಂದೆಯ ಪರ್ಸಿನಲ್ಲಿ, ಅಂಗನವಾಡಿಯಲ್ಲಿ, ಅಜ್ಜಿಯ ಕೈಚೀಲದಲ್ಲಿ ಇರಲೆಂದು ಕೊನೆಯ ಭೇಟಿಯಲ್ಲಿ ಹೇಳಿ ಕಳುಹಿಸಿದೆ.